ಯಾರ ಮೊಳ?

ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಗೃಹಿಣಿಯೊಬ್ಬರು ‘ಎರಡು ಮೊಳ ಮಲ್ಲಿಗೆ’ ಎಂದು ಕೇಳಿದರೆ, ಅಳೆಯುವುದು ಹೂವಾಡಗಿತ್ತಿಯ ಕೈ. ಕೈ ಗಿಡ್ಡವಾದರೆ ಮಾಲೆಯೂ ಗಿಡ್ಡ. ನಷ್ಟ ನಾಲ್ಕು ಮೊಗ್ಗು.

ಗಣಕಯಂತ್ರದ ತಂತ್ರಾಂಶಕ್ಕೆ ಈ ಸಡಿಲಿಕೆ ಸಲ್ಲದು. ಏನು ಬೇಕು, ಯಾವ ಮಾನದಲ್ಲಿ ಬೇಕು, ಸರಿಯಾಯಿತೆಂದು ಪರೀಕ್ಷಿಸುವುದು ಹೇಗೆ ಎಂಬ ಮೂರನ್ನೂ ರಚನೆಗೆ ಮೊದಲೇ ಬರೆದಿಡುವುದುಂಟು. ಅದೇ ಅಗತ್ಯಗಳ ವಿವರಪತ್ರ.

ಪತ್ರವಿದ್ದ ಮಾತ್ರಕ್ಕೆ ನಿಶ್ಚಿಂತೆಯೆ? 1999ರಲ್ಲಿ ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಮಂಗಳಗ್ರಹದ ಬಳಿ ನಾಶವಾಯಿತು. ನೂಕುಬಲದ ಲೆಕ್ಕ ಮೆಟ್ರಿಕ್ ಮಾನದಲ್ಲಿರಬೇಕೆಂದು ಪತ್ರದಲ್ಲಿ ಬರೆದೇ ಇದ್ದಿತು. ಭೂಮಿಯಲ್ಲಿದ್ದ ತಂತ್ರಾಂಶವು ಪೌಂಡಿನ ಮಾನದಲ್ಲಿ ಕೊಟ್ಟಿತು. ಒಂದಕ್ಕೆ ಸುಮಾರು ನಾಲ್ಕೂವರೆಯ ಅಂತರ! ಎರಡನ್ನೂ ಸರಿಯಾಗಿ ತಾಳೆ ನೋಡಿರಲಿಲ್ಲ.

ಬರೆಯುವುದು ಅರ್ಧ ಕೆಲಸ; ತಾಳೆ ನೋಡುವುದು ಉಳಿದರ್ಧ.