ಮಳೆಗೆ ಲೆಕ್ಕ ಇದೆ, ಹೊಟ್ಟೆನೋವಿಗೆ ಇಲ್ಲ



ಮಾಸ್ತಿಕಟ್ಟೆಯಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತು ಅಂತ ಮಳೆಗಾಲದಲ್ಲಿ ಪೇಪರ್‌ನಲ್ಲಿ ಬರುತ್ತೆ. ಅದೇ ಮಳೆಯಲ್ಲಿ ಅಪೆಂಡಿಕ್ಸ್ ನೋವು ಬಂದ ಕೂಲಿಯವರು ಆಪರೇಷನ್ನಿಗೆ ಎಷ್ಟು ಗಂಟೆ ಕಾದರು ಅಂತ ಯಾರು ಬರೀತಾರೆ?

2019ರಲ್ಲಿ ಜಗತ್ತಿನಲ್ಲಿ ಅಂದಾಜು 1.77 ಕೋಟಿ ಜನಕ್ಕೆ ಈ ಕಾಯಿಲೆ ಬಂತು. 33 ಸಾವಿರಕ್ಕೂ ಹೆಚ್ಚು ಜನ ಸತ್ತರು. 1990ರಿಂದೀಚೆಗೆ ಕೇಸುಗಳು ಏರಿವೆ, ಸಾವಿನ ಪ್ರಮಾಣ ಇಳಿದಿದೆ. ಹೊತ್ತಿಗೆ ಚಿಕಿತ್ಸೆ ಸಿಕ್ಕವರು ಬದುಕ್ತಾರೆ. ತಡವಾದರೆ ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗುತ್ತೆ.

ಆ ತಡಕ್ಕೂ ಜಾತಿ ಇದೆ. ಕಾರಿದ್ದವರು ರಾತ್ರಿಯೇ ಘಾಟಿ ಇಳಿದು ಕುಂದಾಪುರ ಸೇರ್ತಾರೆ, ಕೇರಿಯವರು ಬೆಳಗಿನ ಬಸ್ಸು ಕಾಯ್ತಾರೆ. 5 ಲಕ್ಷದ ಆರೋಗ್ಯ ಕಾರ್ಡು ಕೈಯಲ್ಲಿದ್ದರೂ ಅದಕ್ಕೆ ಗಾಲಿ ಇಲ್ಲ.

ನಾನು ಕೇಳೋದು ಇಷ್ಟೇ: ಹೊಸನಗರದ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಸರ್ಜನ್, ಅರಿವಳಿಕೆ ವೈದ್ಯರು ಇರಬೇಕು. ನೋವು ಶುರುವಾದ ಹೊತ್ತು, ಆಪರೇಷನ್ ಆದ ಹೊತ್ತು ಎರಡೂ ದಾಖಲಾಗಬೇಕು.