ಇಂಗಿನ ಡಬ್ಬಿಯಲ್ಲೂ ಗೋಧಿ

ನಿಮ್ಮ ಅಡುಗೆಮನೆಯ ಇಂಗಿನ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಯಾವತ್ತಾದರೂ ಓದಿದ್ದೀರಾ? ಫೋನ್ ಹೇಗೂ ಕೈಯಲ್ಲೇ ಇದೆ, ಟಾರ್ಚ್ ಹಾಕಿ ಒಮ್ಮೆ ನೋಡಿ ಬನ್ನಿ. ಅಂಗಡಿಯ ಇಂಗಿನಲ್ಲಿ ನಿಜವಾದ ಇಂಗು ಸ್ವಲ್ಪ, ಉಳಿದದ್ದು ಗೋಂದು ಮತ್ತು ಹಿಟ್ಟು. ಕೆಲವು ಕಂಪನಿಯವರದ್ದು ಅಕ್ಕಿ ಹಿಟ್ಟು, ಹಲವರದ್ದು ಮೈದಾ ಅಥವಾ ಗೋಧಿ ಹಿಟ್ಟು. ಅಂದರೆ ಒಗ್ಗರಣೆಗೆ ಇಂಗು ಬಿದ್ದ ಸಾರು, ಸಾಂಬಾರು, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಎಲ್ಲದರಲ್ಲೂ ಒಂದು ಚೂರು ಗೋಧಿ.

ನಿಮಗೆ ಇದರಿಂದ ಏನೂ ಆಗುವುದಿಲ್ಲ. ನನ್ನ ಹೆಂಡತಿಗೆ ಆಗುತ್ತದೆ.

ಇವಳಿಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಗಿ ಹತ್ತು ತಿಂಗಳಾಯಿತು. ಅದಕ್ಕೂ ಮುಂಚೆ ಮೂರು ವರ್ಷ ರಕ್ತಹೀನತೆ ಅಂತ ಕಬ್ಬಿಣದ ಮಾತ್ರೆ ನುಂಗಿದ್ದೇ ನುಂಗಿದ್ದು, ಹಿಮೋಗ್ಲೋಬಿನ್ ಮಾತ್ರ ಎಂಟರಿಂದ ಮೇಲೆ ಹತ್ತಲಿಲ್ಲ. ಹೊಟ್ಟೆ ಉಬ್ಬರ ಅಂದರೆ ಗ್ಯಾಸ್, ಸುಸ್ತು ಅಂದರೆ ಕೆಲಸದ ಒತ್ತಡ, ಕೂದಲು ಉದುರಿದರೆ ಬೆಂಗಳೂರಿನ ನೀರು. ಪ್ರತಿಯೊಂದಕ್ಕೂ ಒಂದೊಂದು ಉತ್ತರ ರೆಡಿ ಇತ್ತು. ಕೊನೆಗೆ ಒಬ್ಬ ಡಾಕ್ಟರು ‘ಮಾತ್ರೆ ತಗೊಂಡರೂ ಕಬ್ಬಿಣ ಮೈಗೆ ಹತ್ತುತ್ತಿಲ್ಲ ಅಂದ್ರೆ, ಹತ್ತಿಸಿಕೊಳ್ಳೋ ಜಾಗದಲ್ಲೇ ತೊಂದರೆ ಇರಬಹುದು’ ಅಂದರು. ರಕ್ತದಲ್ಲಿ ಟಿಟಿಜಿ ಅನ್ನುವ ಆಂಟಿಬಾಡಿ ಪರೀಕ್ಷೆ ಆಯಿತು, ಆಮೇಲೆ ಎಂಡೋಸ್ಕೋಪಿ, ಬಯಾಪ್ಸಿ.

ನಮ್ಮ ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲ್ ಥರ ಇರುತ್ತದಂತೆ, ಸಾವಿರಾರು ಸಣ್ಣ ಎಳೆಗಳು. ಊಟದ ಸತ್ವವನ್ನೆಲ್ಲ ಹೀರಿಕೊಳ್ಳುವುದು ಅವೇ. ಸೀಲಿಯಾಕ್ ಇದ್ದವರು ಗ್ಲುಟೆನ್ ತಿಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಆ ಎಳೆಗಳನ್ನು ಹಾಳು ಮಾಡುತ್ತದೆ. ಟವೆಲ್ ಸವೆದು ಬೆಡ್‌ಶೀಟ್ ಆದ ಹಾಗೆ. ಗ್ಲುಟೆನ್ ಇರುವುದು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ. ಗೋಧಿಯೇ ಇದರ ಮೂಲ ಅಂತ ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರು. 1944-45ರ ಚಳಿಗಾಲದಲ್ಲಿ, ಯುದ್ಧದ ಬರಗಾಲದಿಂದ ಬ್ರೆಡ್ಡೇ ಸಿಗದಿದ್ದಾಗ, ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡಿದ್ದನ್ನು ಕಂಡು ಅವರಿಗೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತಂತೆ. ಇವತ್ತಿಗೂ ಔಷಧಿ ಅಂತ ಇರುವುದು ಅದೊಂದೇ: ತಿನ್ನಬೇಡ. ಜೀವನಪೂರ್ತಿ, ಒಂದು ಚೂರೂ.

‘ನಾವು ಸೌತ್ ಇಂಡಿಯನ್ಸ್ ಅಲ್ವಾ, ಅನ್ನ ತಿನ್ನೋರು, ಏನು ಕಷ್ಟ?’ ಅಂತ ನನ್ನ ಟೀಮಿನವರು ಕೇಳಿದರು. ಕೇಳುವುದಕ್ಕೆ ಸರಿಯಾಗೇ ಇದೆ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಇಡ್ಲಿ, ನೀರುದೋಸೆ, ಅವಲಕ್ಕಿ, ಇಷ್ಟೆಲ್ಲ ಇರುವ ನಾಡಿನಲ್ಲಿ ಗೋಧಿ ಬಿಡುವುದು ಅಷ್ಟು ಕಷ್ಟ ಆಗಬಾರದು. ಆದರೆ ರವೆ ಅನ್ನುವ ಒಂದೇ ಪದ ತೆಗೆದುಕೊಳ್ಳಿ. ಇಡ್ಲಿ ರವೆ ಅಕ್ಕಿಯದು, ತಿನ್ನಬಹುದು. ಬಾಂಬೆ ರವೆ, ಚಿರೋಟಿ ರವೆ, ಬನ್ಸಿ ರವೆ ಮೂರೂ ಗೋಧಿ. ಶಾವಿಗೆ ಅಂದರೆ ಒತ್ತು ಶಾವಿಗೆಯೋ, ಪಾಯಸದ ಶಾವಿಗೆಯೋ ಕೇಳಬೇಕು. ಹೋಟೆಲಿನ ಮಸಾಲೆ ದೋಸೆ ಗರಿಗರಿ ಆಗಲಿ ಅಂತ ಕೆಲವು ಕಡೆ ಹಿಟ್ಟಿಗೆ ಚಿರೋಟಿ ರವೆ ಬೆರೆಸುತ್ತಾರೆ. ರೊಟ್ಟಿ ಹರಿಯದಿರಲಿ ಅಂತ ಜೋಳದ ಹಿಟ್ಟಿಗೆ ಗೋಧಿ ಹಿಟ್ಟು ಸೇರಿಸುವವರೂ ಇದ್ದಾರೆ. ರಾಗಿ ಬಿಸ್ಕತ್ತಿನ ಪೊಟ್ಟಣದ ಮುಂದೆ ರಾಗಿ ತೆನೆಯ ಚಿತ್ರ, ಹಿಂದೆ ಮೊದಲ ಪದಾರ್ಥವೇ ಗೋಧಿ ಹಿಟ್ಟು. ಮಲ್ಟಿಗ್ರೇನ್ ಅಂತೂ ಬಿಡಿ, ಗೋಧಿಯ ಜೊತೆ ಇನ್ನು ನಾಲ್ಕು ಧಾನ್ಯ ಅಂತಲೇ ಅರ್ಥ.

ನಾವು ಸಾಫ್ಟ್‌ವೇರಿನವರಿಗೆ ಇದು ಪರಿಚಿತ ತಲೆನೋವು. ನೀವು ಹಾಕಿಕೊಂಡಿದ್ದು ಒಂದೇ ಲೈಬ್ರರಿ, ಅದು ಇನ್ನೊಂದನ್ನು ಎಳೆದು ತರುತ್ತದೆ, ಅದು ಮತ್ತೊಂದನ್ನು. ಮುರಿಯುವುದು ಎಲ್ಲೋ ನಾಲ್ಕನೇ ಮೆಟ್ಟಿಲಲ್ಲಿ. ಬಿಸಿಬೇಳೆಬಾತ್ ತಿನ್ನಬಹುದು, ಅದರ ಪುಡಿಯಲ್ಲಿ ಇಂಗಿದೆ, ಇಂಗಿನಲ್ಲಿ ಮೈದಾ ಇದೆ. ಒಂದು ಪುಣ್ಯ ಅಂದರೆ 2020ರ ಲೇಬಲ್ ನಿಯಮದ ಪ್ರಕಾರ ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಪೊಟ್ಟಣದ ಮೇಲೆ ಅಲರ್ಜಿ ಸೂಚನೆಯಲ್ಲಿ ಹೇಳಲೇಬೇಕು. ‘ಗ್ಲುಟೆನ್ ಫ್ರೀ’ ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಇರಕೂಡದು. ಬಿಡಿಯಾಗಿ ತೂಗಿ ಕೊಡುವ ಅಂಗಡಿಯಲ್ಲಿ ಈ ಯಾವ ಭರವಸೆಯೂ ಇಲ್ಲ.

ಹಿಟ್ಟಿನ ಗಿರಣಿಯದ್ದು ಇನ್ನೊಂದು ಕಥೆ. ನಮ್ಮ ಬೀದಿಯ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿಯುತ್ತಾರೆ. ಮುಂಚಿನವರ ಹಿಟ್ಟು ಒಂದು ಹಿಡಿ ನಮಗೆ, ನಮ್ಮದು ಒಂದು ಹಿಡಿ ಹಿಂದಿನವರಿಗೆ, ಇದು ಎಲ್ಲ ಗಿರಣಿಗಳ ಅಲಿಖಿತ ಒಪ್ಪಂದ. ಕಡೆಗೆ ಮನೆಯಲ್ಲೇ ಬೀಸುವ ಮಷಿನ್ ತಂದೆವು. ಶನಿವಾರ ಬೆಳಿಗ್ಗೆ ರಾಗಿ, ಜೋಳ ಬೀಸುವುದು ನನ್ನ ಕೆಲಸ. ಅದರ ಸದ್ದಿಗೆ ಕೆಳಗಿನ ಮನೆಯವರು ಒಂದು ಸಲ ಬಾಗಿಲು ತಟ್ಟಿದ್ದರು, ಈಗ ಅವರೂ ರಾಗಿ ತಂದುಕೊಡುತ್ತಾರೆ. ಹಳೆ ಲಟ್ಟಣಿಗೆ, ಮಣೆ, ಜರಡಿ, ಟೋಸ್ಟರ್ ಮನೆಯಿಂದ ಹೊರಗೆ ಹೋದವು. ಮರದ ಸಂದಿಯಲ್ಲಿ, ಜರಡಿಯ ತೂತಿನಲ್ಲಿ ಕೂತ ಹಿಟ್ಟು ಎಷ್ಟು ತೊಳೆದರೂ ಪೂರ್ತಿ ಹೋಗುತ್ತದೆ ಅಂತ ನಂಬುವುದು ಹೇಗೆ?

ನಾನೂ ಚಪಾತಿ ಬಿಡುತ್ತೇನೆ ಅಂದಾಗ ಇವಳು ಖುಷಿಪಡಲಿಲ್ಲ. ಇವಳದು ಗದಗ ಕಡೆ, ಮಾತು ನೇರ. ‘ನನ್ನ ಸಲುವಾಗಿ ನೀ ತ್ಯಾಗ ಗೀಗ ಮಾಡಬ್ಯಾಡ. ಆಮ್ಯಾಲೆ ವರ್ಷಗಟ್ಲೆ ನನಗ ಲೆಕ್ಕಾ ಹೇಳ್ತಿ’ ಅಂದಳು. ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಮನೆಯೊಳಗೆ ಗೋಧಿ ಇಲ್ಲ, ಅದು ತ್ಯಾಗ ಅಲ್ಲ, ಎರಡೆರಡು ಸೆಟ್ ಪಾತ್ರೆ ತೊಳೆಯುವ ಸೋಮಾರಿತನ. ಹೊರಗೆ ನಾನು ಪರೋಟ ತಿನ್ನಬಹುದು, ತಿಂದು ಬಂದು ‘ಏನೂ ಚೆನ್ನಾಗಿರಲಿಲ್ಲ’ ಅಂತ ಸುಳ್ಳು ಹೇಳಬಾರದು.

ಇವಳು ಪಿಜ್ಜಾ ಬಿಟ್ಟಳು, ಗೋಬಿ ಮಂಚೂರಿ ಬಿಟ್ಟಳು, ಆಫೀಸಿನ ಕೇಕ್ ಬಿಟ್ಟಳು. ಯಾವುದಕ್ಕೂ ಮುಖ ಸಣ್ಣ ಮಾಡಲಿಲ್ಲ. ಕಣ್ಣಲ್ಲಿ ನೀರು ಬಂದಿದ್ದು ಅವರೂರಿನ ಜಾತ್ರೆಯ ದಿನ, ಗೋಧಿ ಹುಗ್ಗಿಯ ಫೋಟೋ ಫ್ಯಾಮಿಲಿ ಗ್ರೂಪಿಗೆ ಬಂದಾಗ. ಕುಟ್ಟಿದ ಗೋಧಿ, ಬೆಲ್ಲ, ಗಸಗಸೆ, ಕೊಬ್ಬರಿ, ಮೇಲೆ ತುಪ್ಪ, ಹಾಲು. ಅದರಲ್ಲಿ ಗೋಧಿಗೆ ಬದಲಿ ಹುಡುಕುವುದೇನು, ಗೋಧಿಯೇ ಹುಗ್ಗಿ. ನಾನು ಯೂಟ್ಯೂಬ್ ನೋಡಿ ನವಣಕ್ಕಿಯಲ್ಲಿ ಮಾಡಿಕೊಟ್ಟೆ. ಎರಡು ಬಟ್ಟಲು ತಿಂದಳು. ‘ಚಲೋ ಆಗೇತಿ. ಆದ್ರ ಹುಗ್ಗಿ ಅಲ್ಲ’ ಅಂದಳು. ಸರಿ, ಅಲ್ಲ. ಇಂಥ ಕಡೆ ‘ಅದೇ ರುಚಿ ಬರುತ್ತೆ’ ಅಂತ ವಾದ ಮಾಡುವುದಕ್ಕಿಂತ ಸುಮ್ಮನೆ ಪಕ್ಕದಲ್ಲಿ ಕೂರುವುದು ವಾಸಿ.

ಇವಳಿಗೆ ಸಾಕುಸಾಕಾಗುವುದು ಊಟಕ್ಕಿಂತ ಹೆಚ್ಚಾಗಿ ವಿವರಣೆ ಕೊಡುವುದರಲ್ಲಿ. ತೂಕ ಇಳಿಸೋಕಾ? ಹೊಸ ಫ್ಯಾಷನ್ನಾ? ಒಂದು ತುಂಡು ತಿಂದ್ರೆ ಏನಾಗುತ್ತೆ? ಪ್ರತಿ ಮದುವೆ ಮನೆಯಲ್ಲೂ ಕರುಳಿನ ಕಥೆ ಮೊದಲಿಂದ ಹೇಳಬೇಕು. ‘ಎಲ್ಲಾರೂ ನನ್ನ ತಾಟ ನೋಡ್ಕೋತ ಕುಂದರ್ತಾರ’ ಅಂತ ಎರಡು ಸಮಾರಂಭಕ್ಕೆ ಬರುವುದನ್ನೇ ಬಿಟ್ಟಳು. ಆಮೇಲೆ ಕೆಲಸ ಹಂಚಿಕೊಂಡೆವು. ನನ್ನ ಕಡೆಯ ನೆಂಟರಿಗೆ ಹೇಳುವುದು ನನ್ನ ಪಾಲು, ಅದೂ ಎಲೆ ಮುಂದೆ ಕೂತ ಮೇಲಲ್ಲ, ವಾರ ಮುಂಚೆ, ಫೋನಿನಲ್ಲಿ.

ಇದರ ದೊಡ್ಡ ಪರೀಕ್ಷೆ ನಡೆದಿದ್ದು ಶ್ರಾವಣದಲ್ಲಿ, ತುಮಕೂರಿನ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ. ಆ ಪೂಜೆಯ ಪ್ರಸಾದ ಅಂದರೆ ಸಜ್ಜಿಗೆ: ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು. ಬೇರೆ ಸಿಹಿಯಾದರೆ ಬೇಡ ಅನ್ನಬಹುದು, ಇದನ್ನು ಬೇಡ ಅನ್ನುವ ಹಾಗಿಲ್ಲ. ಪ್ರಸಾದ ಬಿಟ್ಟು ಗಂಡನನ್ನು ನೋಡಲು ಓಡಿದ ಕಲಾವತಿಯ ಗಂಡ ಹಡಗಿನ ಸಮೇತ ಕಾಣೆಯಾದ ಅಂತ ಕಥೆಯೇ ಹೇಳುತ್ತದೆ. ಅದನ್ನು ನಮ್ಮಮ್ಮ ಪ್ರತಿ ವರ್ಷ ಭಕ್ತಿಯಿಂದ ಕೇಳುತ್ತಾರೆ. ಈ ಸಲ ಕಾಣೆಯಾಗಬೇಕಾದ ಗಂಡ ನಾನೇ.

ವಾರ ಮುಂಚೆ ಫೋನ್ ಮಾಡಿದೆ. ‘ಒಂದು ಚಿಟಿಕೆ ದೇವರ ಪ್ರಸಾದಕ್ಕೆ ಏನೂ ಆಗಲ್ಲ ಕಣಪ್ಪ’ ಅಂದರು ಅಮ್ಮ. ಬಯಾಪ್ಸಿ ವರದಿಯ ಬಗ್ಗೆ ಮತ್ತೆ ಹೇಳಿದೆ. ಅಕ್ಕಿ ತರಿಯಲ್ಲಿ ಮಾಡಬಹುದಾ ಅಂತ ಕೇಳಿದೆ. ಪೂಜೆಯಲ್ಲಿ ನಮಗೆ ಬೇಕಾದ ಹಾಗೆ ಬದಲಾಯಿಸುವುದು ಅಪಚಾರ ಅಂದರು. ಕೊನೆಗೆ ಅಮ್ಮನೇ ಪುರೋಹಿತರನ್ನು ಕೇಳೋಣ ಅಂತ ಅವರನ್ನೂ ಕಾನ್ಫರೆನ್ಸ್ ಕಾಲ್‌ಗೆ ಸೇರಿಸಲು ಹೇಳಿದರು. ಪುರೋಹಿತರು ಎರಡೇ ಮಾತಿನಲ್ಲಿ ಮುಗಿಸಿದರು. ಕಥೆಯ ಮೊದಲ ಅಧ್ಯಾಯದಲ್ಲೇ ಇದೆಯಂತೆ, ಗೋಧಿ ಹಿಟ್ಟು ಇಲ್ಲದಿದ್ದರೆ ಅಕ್ಕಿ ಹಿಟ್ಟು ಆಗುತ್ತದೆ ಅಂತ.

‘ನಮ್ಮನೇಲಿ ಗೋಧಿಗೆ ಅಭಾವ ಇಲ್ವಲ್ಲ ಸ್ವಾಮಿ?’ ಅಮ್ಮ ಬಿಡಲಿಲ್ಲ.

‘ನಿಮ್ಮ ಸೊಸೆಗೆ ಅಭಾವವೇ ಅಲ್ವೇನಮ್ಮ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ನನ್ನನ್ನು ಕೇಳಿದ್ದು, ‘ಹಂಗಾದ್ರೆ ಅಕ್ಕಿನ ಮಿಕ್ಸಿಲಿ ಎಷ್ಟು ತರಿಯಾಗಿ ಒಡೀಬೇಕೋ?’

ಪೂಜೆಯ ದಿನ ಹೊಸ ಬಾಣಲೆ, ಹೊಸ ಸೌಟು ತಂದಿಟ್ಟಿದ್ದರು. ಗೋಧಿ ರವೆಯಷ್ಟು ನುಣುಪಾಗಿ ಬರಲಿಲ್ಲ, ಸ್ವಲ್ಪ ತೊಗಟೆ ತೊಗಟೆಯಾಗಿ, ಒಳ್ಳೆ ತುಪ್ಪದ ಘಮ. ಪಕ್ಕದ ಮನೆಯ ಆಂಟಿ ‘ಏನಿದು ಬೇರೆ ಥರ ಇದೆ?’ ಅಂತ ಕೇಳಿದರು. ಅಮ್ಮ ‘ಶಾಸ್ತ್ರದಲ್ಲೇ ಇರೋದು, ನಿಮಗೆ ಗೊತ್ತಿಲ್ವಾ?’ ಅಂದುಬಿಟ್ಟರು. ಇವಳು ಎರಡು ಸಲ ಕೈ ಒಡ್ಡಿ ಇಸಿದುಕೊಂಡಳು. ಕರುಳಿನ ಕಥೆ ಅವತ್ತು ಯಾರೂ ಕೇಳಲಿಲ್ಲ.

ಈಗ ಹಿಮೋಗ್ಲೋಬಿನ್ 11.4. ಟಿಟಿಜಿ ಇನ್ನೂ ನಾರ್ಮಲ್‌ಗೆ ಬಂದಿಲ್ಲ, ಇಳಿಯುತ್ತಿದೆ. ವರ್ಷ, ಒಂದೊಂದು ಸಲ ಅದಕ್ಕಿಂತ ಹೆಚ್ಚೂ ಹಿಡಿಯುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾಳೆ, ನನಗೇ ಏದುಸಿರು.

ಇದು ವಂಶವಾಹಿಗೆ ಸಂಬಂಧಪಟ್ಟ ಕಾಯಿಲೆ ಆದ್ದರಿಂದ ಒಡಹುಟ್ಟಿದವರೂ ತಂದೆ-ತಾಯಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅತ್ತೆ ಮಾವನದ್ದು ಆಯಿತು, ಏನೂ ಇಲ್ಲ. ಉಳಿದಿರುವುದು ಇವಳ ತಮ್ಮ, ಚಿಕ್ಕಂದಿನಿಂದ ಕಡ್ಡಿ ಪೈಲ್ವಾನ್. ಅವನಿಗೆ, ಮತ್ತೆ ಇದನ್ನು ಓದಿ ಅನುಮಾನ ಬಂದಿರುವ ನಿಮಗೂ, ಒಂದು ಮಾತು: ಪರೀಕ್ಷೆಗೆ ಮುಂಚೆ ನೀವಾಗೇ ಗೋಧಿ ಬಿಡಬೇಡಿ. ಬಿಟ್ಟರೆ ಆಂಟಿಬಾಡಿ ಇಳಿದು, ಇರುವ ಕಾಯಿಲೆಯೂ ವರದಿಯಲ್ಲಿ ಕಾಣದೆ ಹೋಗಬಹುದು. ಇದನ್ನು ಹೇಳಿದ ದಿನದಿಂದ ಅವನು ಬಲು ಶ್ರದ್ಧೆಯಿಂದ ದಿನಾ ರಾತ್ರಿ ಐದು ಚಪಾತಿ ತಿನ್ನುತ್ತಿದ್ದಾನೆ. ಬರುವ ಗುರುವಾರ ರಕ್ತ ಕೊಡಬೇಕು.