ಬಿಚ್ಚಬಲ್ಲವನದೇ ಪೇಟಿ

ಏಪ್ರಿಲ್ ಬಂತೆಂದರೆ ಆದೋನಿಯ ಬಿಸಿಲಿಗೆ ಮರ ಒಣಗಿ ನನ್ನ ಕಾಲುಪೇಟಿಯಿಂದ, ಅಂದರೆ ಕಾಲಲ್ಲಿ ತಿದಿ ಒತ್ತುವ ಹಾರ್ಮೋನಿಯಂನಿಂದ, ಗಾಳಿ ಸೋರತೊಡಗುತ್ತದೆ. ಮಳೆ ಹಿಡಿದರೆ ಅದೇ ಮರ ಉಬ್ಬಿ, ಒತ್ತಿದ ಸ್ವರದ ಮನೆ ಒತ್ತಿದಲ್ಲೇ ಕೂತುಬಿಡುತ್ತದೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ ಅದು ಹೇಳಿದ ಮಾತು ಕೇಳುತ್ತದೆ. ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಆರೈಕೆ ಬೇಡುವ ಎತ್ತನ್ನು ಯಾವ ರೈತನೂ ಕಟ್ಟಿಕೊಳ್ಳಲಾರ. ಹಾಗಾಗಿ ಮನೆಯವರು ಬೇಸಿಗೆಗೊಮ್ಮೆ ಕೇಳುವ ಪ್ರಶ್ನೆ ನ್ಯಾಯವಾದದ್ದೇ: “ಇದನ್ಯಾಕ ಇನ್ನಾ ಇಟ್ಕಂಡೀರಿ?”

ಉತ್ತರ ಹೇಳಲು ಹೋದಾಗಲೆಲ್ಲ ತಡವರಿಸಿದ್ದೇನೆ. ಇದರ ನಾದವೇ ಬೇರೆ ಅಂದರೆ ಅರ್ಧ ನಿಜ. ಹಳೆಯದು ಅಂದರೆ, ಅಟ್ಟದ ಮೇಲಿನ ತುಕ್ಕು ಹಿಡಿದ ಟ್ರಂಕೂ ಹಳೆಯದೇ. ನುಡಿಸುವ ಕೆಲಸಕ್ಕೆ ಕೆಲವೇ ಸಾವಿರ ರೂಪಾಯಿಗೆ ಹಗುರವಾದ ಕೀಬೋರ್ಡ್ ಸಿಗುವ ಕಾಲದಲ್ಲಿ ತೊಂದರೆ ಕೊಡುವ ಹಳೆಯ ವಾದ್ಯವನ್ನು ಸಾಕುವುದು ಪ್ರೀತಿಯೋ, ಪ್ರತಿಷ್ಠೆಯೋ, ಬರೀ ಹಟವೋ?

ಮೊದಲು ಈ ಪೇಟಿ ಈ ಸೀಮೆಗೆ ಬಂದ ಬಗೆ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಪಾದ್ರಿಗಳ ಜತೆ ಅದು ಹಡಗು ಹತ್ತಿ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕೂತು ನುಡಿಸುವ ಕೈಪೇಟಿಯನ್ನು ಜನಪ್ರಿಯಗೊಳಿಸಿದರು. ಕಾಲಿನಿಂದ ತಿದಿ ಒತ್ತುತ್ತ ಎರಡೂ ಕೈಯಿಂದ ನುಡಿಸುವ ಕಾಲುಪೇಟಿ ಮಾತ್ರ ನಾಟಕದವರ ಪಾಲಾಯಿತು. ಊರೂರು ಸುತ್ತುತ್ತಿದ್ದ ಪಾರ್ಸಿ ನಾಟಕ ಕಂಪನಿಗಳು ಅದರ ರುಚಿಯನ್ನು ದೇಶಕ್ಕೆಲ್ಲ ಹತ್ತಿಸಿದವು. ನಮ್ಮ ಕಡೆಗೆ ರಂಗಭೂಮಿಯ ಗಾಳಿ ಬೀಸಿದ್ದು ಬಳ್ಳಾರಿಯಿಂದ. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸವಿನೋದಿನಿ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ, ಆಮೇಲೆ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬಣ್ಣ ಹಚ್ಚಿದ ಬಳ್ಳಾರಿ ರಾಘವ. ಆಗ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯವೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಎರಡು ತಾಲ್ಲೂಕು ಮತ್ತು ರಾಯದುರ್ಗ ಆಂಧ್ರಕ್ಕೆ ಸೇರಿ, ಬಳ್ಳಾರಿ ಮೈಸೂರಿಗೆ ಹೋಯಿತು. ಗೆರೆ ಬಿದ್ದದ್ದು ನಕ್ಷೆಯಲ್ಲಿ. ಒಂದು ರಾತ್ರಿ ಕನ್ನಡದ ಕುರುಕ್ಷೇತ್ರ ನಾಟಕಕ್ಕೆ ನುಡಿಸಿದ ಪೇಟಿ ಮಾಸ್ತರರು ಮರುವಾರ ತೆಲುಗು ಪದ್ಯನಾಟಕಕ್ಕೆ ಅದೇ ಪೇಟಿಯ ಮುಂದೆ ಕೂರುತ್ತಿದ್ದರು. ಪದ್ಯದ ಕೊನೆಯ ಅಕ್ಷರವನ್ನು ನಟ ಎಳೆದೆಳೆದು ಉಸಿರು ಮುಗಿಸಿದಾಗ, ಆ ರಾಗವನ್ನು ಕೆಳಗೆ ಬೀಳಗೊಡದೆ ಎತ್ತಿಕೊಳ್ಳುವುದು ಪೇಟಿಯ ಕೆಲಸ. ಎರಡು ಭಾಷೆಗೂ ಉಸಿರು ಒಂದೇ ಅಲ್ಲವೇ?

ಇನ್ನು ಕಾಟದ ಲೆಕ್ಕ. ತಿದಿಯ ಚರ್ಮವೆಂದರೆ ಇಲಿಗೆ ಹಬ್ಬ. ಹಿಟ್ಟಿನ ಅಂಟಿನಲ್ಲಿ ತೇಪೆ ಹಾಕಿದರೆ ಜಿರಲೆಗೂ ಊಟ. ಆದೋನಿ ಹತ್ತಿಯ ಊರು, ಜಿನ್ನಿಂಗ್ ಮಿಲ್ಲುಗಳ ಊರು. ಗಾಳಿಯಲ್ಲಿ ತೇಲುವ ನೂಲಿನ ಎಳೆಯೊಂದು ಹಿತ್ತಾಳೆಯ ರೀಡಿಗೂ ಅದರ ಕಟ್ಟಿಗೂ ನಡುವಿನ ಕೂದಲಗಲದ ಸಂದಿಗೆ ಹೊಕ್ಕರೆ ಸಾಕು, ಆ ಸ್ವರ ಮೂಕ. ತೆಳ್ಳನೆಯ ಕಾಗದ ತೂರಿಸಿ ಮೆಲ್ಲಗೆ ಎಳೆದರೆ ಮತ್ತೆ ಮಾತಾಡುತ್ತದೆ. ವರ್ಷಗಟ್ಟಲೆ ಕಂಪಿಸಿ ದಣಿದ ರೀಡು ಶ್ರುತಿ ಬಿಟ್ಟು ಜಾರುತ್ತದೆ. ಅದನ್ನು ಕೂಡಿಸುವುದು ಅರದಿಂದ. ನನಗೆ ಇದನ್ನು ಕಲಿಸಿದ ಮಾಸ್ತರರು ಹೇಳಿದ ಪಾಠ ಒಂದೇ: “ತುದಿ ಕೆರದ್ರ ಏರ್ತತಿ, ಬುಡ ಕೆರದ್ರ ಇಳೀತತಿ. ಕೆರದಿದ್ದು ಮತ್ತ ಬರಂಗಿಲ್ಲಪ್ಪಾ, ನೋಡ್ಕಂಡು ಕೆರಿ.” ತುದಿಯ ಭಾರ ಕಡಿಮೆಯಾದರೆ ರೀಡು ಬೇಗ ಅಲುಗುತ್ತದೆ, ಬುಡದ ಬಿಗಿ ಕಡಿಮೆಯಾದರೆ ನಿಧಾನಕ್ಕೆ. ಭೌತಶಾಸ್ತ್ರದ ಒಂದು ಪಾಠ ಅವರ ಎರಡು ಮಾತಿನಲ್ಲಿ ಮುಗಿದಿತ್ತು.

ಈ ಗೋಳು ನಮ್ಮೊಬ್ಬರದೇ ಅಂದುಕೊಂಡಿದ್ದೆ. ಹಳೆಯ ಅನಲಾಗ್ ಸಿಂಥಸೈಜರ್ ಸಾಕುವವರ ಪಾಡು ಓದಿದಾಗ ನಗು ಬಂತು. ಅಮೆರಿಕದ ರಾಬರ್ಟ್ ಮೂಗ್ ಕಂಪನಿ 1970ರಲ್ಲಿ ತಂದ ಮಿನಿಮೂಗ್‌ನಲ್ಲಿ ತಿದಿಯಿಲ್ಲ, ರೀಡಿಲ್ಲ; ವಿದ್ಯುತ್ತಿನ ಒತ್ತಡವೇ ಅದರ ಗಾಳಿ. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಆದರೆ ಆ ಲೆಕ್ಕವನ್ನು ಕಾಯುವ ಟ್ರಾನ್ಸಿಸ್ಟರು ಕಾವಿಗೆ ತನ್ನ ನಡತೆ ಬದಲಿಸುವಂಥದ್ದು. ಹಾಗಾಗಿ ಸ್ವಿಚ್ ಹಾಕಿದ ಕೂಡಲೇ ನುಡಿಸುವಂತಿಲ್ಲ. ಯಂತ್ರ ಹದಕ್ಕೆ ಬರುವವರೆಗೆ ಕಾಯಬೇಕು, ಕಾದ ಮೇಲೂ ನಡುನಡುವೆ ಶ್ರುತಿ ಕೂಡಿಸಬೇಕು. ಒಳಗಿನ ಕೆಪಾಸಿಟರ್‌ಗಳು ಒಣಗುತ್ತವೆ. ಧ್ವನಿಗಳನ್ನು ನೆನಪಿಡುವ ಮಾದರಿಗಳಲ್ಲಿ ಹಳೆಯ ಬ್ಯಾಟರಿ ಸೋರಿ ಸರ್ಕ್ಯೂಟ್ ಹಲಗೆಯನ್ನೇ ತಿನ್ನುತ್ತದೆ. ಕೆಲವಕ್ಕೆ ಬೇಕಾದ ಚಿಪ್ಪುಗಳ ತಯಾರಿಕೆ ಎಂದೋ ನಿಂತಿದೆ. ಇಲಿಯ ಬದಲು ಬ್ಯಾಟರಿ, ಹತ್ತಿ ಎಳೆಯ ಬದಲು ದೂಳು ಹಿಡಿದ ಗುಬುಟು. ಕಾಟದ ಗೋತ್ರ ಒಂದೇ.

ಈ ಸಿಂಥಸೈಜರ್‌ಗಳ ಚರಿತ್ರೆಯಲ್ಲೊಂದು ಪಾಠವೂ ಇದೆ. 1983ರಲ್ಲಿ ಯಮಹಾದ ಡಿಎಕ್ಸ್7 ಬಂತು: ಡಿಜಿಟಲ್, ಶ್ರುತಿ ಬಿಡದು, ಗುಂಡಿ ಒತ್ತಿದರೆ ಸಿದ್ಧ ಧ್ವನಿ. ಜನ ಹಳೆಯ ಯಂತ್ರಗಳನ್ನು ಸಿಕ್ಕ ಬೆಲೆಗೆ ಮಾರಿಕೊಂಡರು. ಅದೇ ಹೊತ್ತಿಗೆ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯೂ ಸೋತು 1984ರಲ್ಲಿ ನಿಂತಿತ್ತು. ಒಂಟಿ ಗಿಟಾರ್ ವಾದಕನಿಗೆ ಬೇಸ್ ಜತೆಗಾರನಾಗಲೆಂದು ಮಾಡಿದ ಯಂತ್ರ ಅದು. ಅಗ್ಗಕ್ಕೆ ಕೊಂಡ ಶಿಕಾಗೋದ ಹುಡುಗರು ಅದರ ಗುಬುಟುಗಳನ್ನು ತಿರುವಿ ತಿರುವಿ 1980ರ ದಶಕದ ನಡುವೆ ಹೊಸದೊಂದು ಕುಣಿತದ ಸಂಗೀತವನ್ನೇ ಹುಟ್ಟಿಸಿದರು. ಅದಕ್ಕೂ ಮೊದಲೇ, 1982ರಲ್ಲಿ, ಮುಂಬಯಿಯ ಸಿನಿಮಾ ವಾದಕ ಚರಣಜಿತ್ ಸಿಂಗ್ ಅದೇ ಪೆಟ್ಟಿಗೆಯನ್ನೂ ಬಳಸಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ್ದರು. ಸ್ವರದಿಂದ ಸ್ವರಕ್ಕೆ ಜಾರುವುದು ಆ ಪೆಟ್ಟಿಗೆಗೆ ಬರುತ್ತಿತ್ತು. ಹಾರ್ಮೋನಿಯಂಗೆ ಬಾರದ್ದು ಅದೇ ಜಾರು! ಆ ಧ್ವನಿಮುದ್ರಣದ ತಟ್ಟೆಯನ್ನು ಆಗ ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಮತ್ತೆ ಅಚ್ಚಾದಾಗ ಲೋಕ ಬೆರಗಾಯಿತು. ಮಾರಿದವರು ದಡ್ಡರೆಂದು ಹೇಳುವುದು ಸುಲಭ. ಆದರೆ ಅವರಿಗೆ ಬೇಕಾಗಿದ್ದುದು ಕೈಕೊಡದ ವಾದ್ಯ, ಅದು ಅವರ ಹೊಟ್ಟೆಪಾಡು.

ಆದ್ದರಿಂದ ನನ್ನ ಪಕ್ಷ ಹಿಡಿಯುವ ಮುಂಚೆ ಎದುರು ಪಕ್ಷದ ಮಾತು ಪೂರ್ತಿ ಕೇಳಬೇಕು. ಹಳ್ಳಿಯ ನಾಟಕಕ್ಕೆ ಇವತ್ತು ಕೀಬೋರ್ಡೇ ಸರಿ. ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಹುದು. ಕೃಷ್ಣನ ಪಾತ್ರಧಾರಿಗೆ ಕಪ್ಪು ಎರಡು, ದುರ್ಯೋಧನನಿಗೆ ಬಿಳಿ ನಾಲ್ಕು ಬೇಕೆಂದರೆ ಒಂದು ಗುಂಡಿಯಲ್ಲಿ ಶ್ರುತಿ ಬದಲು. ಹಗಲೆಲ್ಲ ಕೂಲಿ ಮಾಡಿ ರಾತ್ರಿ ಬಣ್ಣ ಹಚ್ಚುವವರಿಗೆ, ನೀವು ಇಬ್ಬರು ಹೊರುವ ಪೆಟ್ಟಿಗೆಯನ್ನೇ ಹೊತ್ತು ಪರಂಪರೆ ಉಳಿಸಿ ಎಂದು ಹೇಳುವ ಹಕ್ಕು, ಮನೆಯಲ್ಲಿ ಫ್ಯಾನಿನ ಕೆಳಗೆ ಪೇಟಿ ಇಟ್ಟುಕೊಂಡ ನನಗಿಲ್ಲ.

ಶುದ್ಧಿಯ ವಾದವೂ ನಿಲ್ಲುವುದಿಲ್ಲ. ಪೇಟಿ ನಮ್ಮದು, ಕೀಬೋರ್ಡ್ ಪರಕೀಯ ಎನ್ನುವವರು ಆಕಾಶವಾಣಿಯ ಕಥೆ ನೆನೆಯಲಿ. ಪೇಟಿಯ ಕಟ್ಟು ಶ್ರುತಿ ನಮ್ಮ ಸೂಕ್ಷ್ಮ ಸ್ವರಗಳಿಗೆ ಒಗ್ಗದು, ಗಮಕ ಅದಕ್ಕೆ ಬಾರದು ಎಂಬ ದೂರಿನ ಮೇಲೆ 1940ರಲ್ಲಿ ರೇಡಿಯೋ ಅದನ್ನು ಹೊರಹಾಕಿತು; ಮತ್ತೆ ಒಳಗೆ ಬಿಡಲು ಮೂರು ದಶಕ ಹಿಡಿಯಿತು. ನಿನ್ನೆಯ ನುಸುಳುಕೋರನೇ ಇವತ್ತಿನ ಹಿರಿಯ. ಕೀಬೋರ್ಡಿಗೂ ಆ ಬಾಗಿಲು ತೆರೆದೇ ಇದೆ.

ಹಾಗಾದರೆ ನಾದದ ಹಿರಿಮೆ? ಕಣ್ಣು ಕಟ್ಟಿ ಕೂರಿಸಿ ಒಳ್ಳೆಯ ಕೀಬೋರ್ಡಿನ ಹಾರ್ಮೋನಿಯಂ ಧ್ವನಿ ಕೇಳಿಸಿದರೆ ಎಷ್ಟೋ ಸಲ ನಾನೂ ಮೋಸ ಹೋಗುತ್ತೇನೆ. ಇನ್ನು ಬೆಲೆ, ಅಪರೂಪ, ಕಂಡವರ ಕಣ್ಣರಳುವುದು: ಇದರ ಸುಖವನ್ನು ಅಲ್ಲಗಳೆಯಲಾರೆ, ಆದರೆ ಅದು ವಾದ್ಯದ ಸುಖವಲ್ಲ, ಒಡವೆಯ ಸುಖ. ಗಾಜಿನ ಕಪಾಟಿನಲ್ಲಿಟ್ಟ ಮಿನಿಮೂಗೂ ನಡುಮನೆಯಲ್ಲಿ ಜರಿಬಟ್ಟೆ ಹೊದ್ದ ಪೇಟಿಯೂ ನುಡಿಸದಿದ್ದರೆ ಹಂಡೆಗಿಂತ ಹೆಚ್ಚಲ್ಲ.

ಇಷ್ಟನ್ನೆಲ್ಲ ಬಿಟ್ಟುಕೊಟ್ಟ ಮೇಲೂ ನನ್ನ ಕೈಯಲ್ಲಿ ಒಂದು ಉಳಿದಿದೆ. ಅದು ಎಂಟು ಹತ್ತು ತಿರುಪು ಮೊಳೆ. ಅವನ್ನು ಬಿಚ್ಚಿದರೆ ಪೇಟಿಯ ಒಳಗಿನ ಸಮಸ್ತವೂ ಕಣ್ಣಿಗೆ ಕಾಣುತ್ತದೆ. ಗಾಳಿ ಎಲ್ಲಿಂದ ಬಂತು, ಯಾವ ಮನೆ ಯಾವ ಬಾಯಿ ತೆರೆಯಿತು, ಯಾವ ಹಿತ್ತಾಳೆ ಅಲುಗಿತು, ಏಳನೇ ತರಗತಿಯ ಮಗುವಿಗೂ ಬೆರಳು ತೋರಿಸಿ ಹೇಳಬಹುದು. ಹಳೆಯ ಅನಲಾಗ್ ಯಂತ್ರವೂ ಬಹುಮಟ್ಟಿಗೆ ಹೀಗೆಯೇ. ಬಿಡಿ ಟ್ರಾನ್ಸಿಸ್ಟರು, ಬಿಡಿ ರೆಸಿಸ್ಟರು; ಬೆಸುಗೆ ಕಡ್ಡಿ ಹಿಡಿಯಲು ಬಂದರೆ ತಪ್ಪು ಎಲ್ಲಿದೆಯೆಂದು ಹುಡುಕಬಹುದು. ಕೀಬೋರ್ಡಿನ ಒಂದು ಮನೆ ಸತ್ತಾಗ ಅಂಗಡಿಯಾತ ಹೇಳುವುದು ಒಂದೇ ಮಾತು: ಬೋರ್ಡೇ ಬದಲಿಸಬೇಕು. ಬೋರ್ಡ್ ಸಿಗದಿದ್ದರೆ ಹೊಸದನ್ನೇ ಕೊಳ್ಳಬೇಕು. ರೊಕ್ಕ ಕೊಟ್ಟು ತಂದದ್ದು ನಾವು, ಆದರೆ ಅದರ ಸಾವು ಬದುಕು ಇನ್ನೆಲ್ಲೋ ಇರುವ ಕಾರ್ಖಾನೆಯ ಕೈಯಲ್ಲಿ.

ಒಡೆತನ ಎಂಬ ಮಾತನ್ನು ನಾವು ರಸೀದಿಯಿಂದ ಅಳೆಯುತ್ತೇವೆ. ಒಕ್ಕಲುತನದಲ್ಲಿ ಅಳತೆ ಬೇರೆ ಇತ್ತು. ಕುಂಟೆಯ ಕುಡ ಮೊಂಡಾದರೆ ಎತ್ತಿಕೊಂಡು ಹೋಗಲು ಊರಲ್ಲೊಬ್ಬ ಕಮ್ಮಾರ, ಈಸು ಮುರಿದರೆ ಬಡಿಗ. ಕುಂಟೆ ರೈತನದು, ಆದರೆ ಅದು ಕುಂಟೆಯಾಗಿ ಉಳಿದದ್ದು ಆ ಇಬ್ಬರಿಂದ. ಪೇಟಿಗೂ ಅಷ್ಟೇ. ಕೊಂಡವನದು ಕಾಗದದ ಹಕ್ಕು, ನುಡಿಸುವವನದು ರಾತ್ರಿಯ ಹಕ್ಕು, ಬಿಚ್ಚಿ ಮತ್ತೆ ಕೂಡಿಸಬಲ್ಲವನದು ಮಾತ್ರ ಪೂರಾ ಹಕ್ಕು. ಆ ಮೂರನೆಯವನು ಇಲ್ಲವಾದ ದಿನ ನನ್ನ ಪೇಟಿ ನನ್ನದಾಗಿಯೂ ಉಳಿಯುವುದಿಲ್ಲ, ಯಾರದೂ ಅಲ್ಲದ ಮರದ ಪೆಟ್ಟಿಗೆಯಾಗುತ್ತದೆ.

ಕಷ್ಟಪಟ್ಟರೇ ಸುಖ ಎಂಬ ನೀತಿಪಾಠವನ್ನು ಇದರಿಂದ ಎಳೆಯಬೇಡಿ. ಇಲಿ ಕಡಿದ ತಿದಿಯಲ್ಲಿ ಯಾವ ಪುಣ್ಯವೂ ಇಲ್ಲ. ಕೆಡದ ಪೇಟಿ ಸಿಕ್ಕರೆ ನಾನು ಇವತ್ತೇ ತರುತ್ತೇನೆ. ನಾನು ಹೇಳುವುದಿಷ್ಟೆ: ಕೆಡುವ ವಸ್ತುಗಳಲ್ಲಿ ಎರಡು ಜಾತಿ. ಒಂದು ಕೆಟ್ಟಾಗ ನಮ್ಮನ್ನು ಅಂಗಡಿಗೆ ಕಳಿಸುತ್ತದೆ, ಇನ್ನೊಂದು ಮನುಷ್ಯರ ಮನೆಗೆ. ಶ್ರುತಿ ಕೂಡಿಸಲು ನಾನು ಮಾಸ್ತರರ ಮನೆಗೆ ಹೋದದ್ದರಿಂದಲೇ, ಪದ್ಯದ ಕೊನೆಯಲ್ಲಿ ನಟನ ಗಂಟಲು ಎಲ್ಲಿ ಸೋಲುತ್ತದೆ, ಆಗ ಯಾವ ಸ್ವರವನ್ನು ತುಸು ಮುಂಚೆಯೇ ಹಿಡಿದಿರಬೇಕು ಎಂಬ ವಿದ್ಯೆ ನನ್ನ ಕಿವಿಗೆ ಬಿತ್ತು. ರಿಪೇರಿಯ ನೆವದಲ್ಲಿ ಬಂದದ್ದು ಸಂಗೀತ. ಹೊಸ ಯಂತ್ರಗಳ ಮೇಲೆ ನನ್ನ ತಕರಾರು ಅವು ಹೊಸವೆಂದಲ್ಲ, ಬಾಯಿ ಹೊಲಿದುಕೊಂಡು ಬಂದಿವೆ ಎಂದು. ನಾಳೆ ಬಿಚ್ಚಬಲ್ಲ, ತಿದ್ದಬಲ್ಲ ಕೀಬೋರ್ಡ್ ಮಾಡಿದರೆ ಅದಕ್ಕೂ ಹತ್ತಿ ಎಳೆ ತೆಗೆಯಲು ನಾನು ಸಿದ್ಧ.

ಹೀಗಾಗಿ ಉಳಿಸುವುದಾದರೆ ಮೊದಲು ಉಳಿಸಬೇಕಾದದ್ದು ಪೇಟಿಯನ್ನಲ್ಲ, ಅರ ಹಿಡಿಯುವ ಕೈಯನ್ನು. ಸಂಗ್ರಹಾಲಯದಲ್ಲಿ ಇಟ್ಟ ವಾದ್ಯ ನೂರು ವರ್ಷ ಬಾಳೀತು. ಕೈ ಮಾತ್ರ ಇನ್ನೊಂದು ಕೈಗೆ ದಾಟದಿದ್ದರೆ ಒಂದೇ ತಲೆಮಾರಿಗೆ ಮುಗಿಯುತ್ತದೆ. ದಾಟಿಸುವುದಕ್ಕೆ ಸ್ವಲ್ಪ ಹಿತ್ತಾಳೆ ಹಾಳಾಗಲೇಬೇಕು.

ಹೋದ ಬೇಸಿಗೆ, ನಾಟಕಕ್ಕೆ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ತನ್ನ ಸತ್ತ ಮನೆಯ ಗೋಳು ಹೇಳಿಕೊಳ್ಳಲು ಬಂದವನು ನಾನು ಪೇಟಿ ಬಿಚ್ಚುವುದನ್ನು ನೋಡುತ್ತ ಸಂಜೆಯವರೆಗೂ ಕೂತ. “ಮಾವಾ, ನಾನೊಂದು ಕೆರಿಲೇನು?” ಅಂದ. ಹಳೆಯದೊಂದು ರೀಡು ಕೊಟ್ಟೆ, ಅರ ಕೊಟ್ಟೆ, ಮಾಸ್ತರರ ಎರಡು ಮಾತನ್ನೂ ಹೇಳಿದೆ. ತುದಿ ಕೆರೆದ, ಸ್ವರ ಏರಿತು. ಖುಷಿಯಲ್ಲಿ ಇನ್ನಷ್ಟು ಕೆರೆದ. ಏರಬೇಕಾದುದಕ್ಕಿಂತ ಮೇಲೆ ಹೋಯಿತು. ಇಳಿಸಲು ಬುಡ ಕೆರೆಯಹೋಗಿ ಕೊನೆಗೆ ನಾಲಿಗೆಯನ್ನೇ ಮುರಿದ. ಮುಖ ಸಣ್ಣದು ಮಾಡಿಕೊಂಡ. ನಾನು ಡಬ್ಬಿಯಿಂದ ಇನ್ನೊಂದು ರೀಡು ತೆಗೆದು ಅವನ ಮುಂದಿಟ್ಟೆ.